ಹಳೆಯ ಕಂಪ್ಯೂಟರಿಗೆ ಹೊಸ ಉಗ್ರಾಣ

ಮಕ್ಕಳೇ, ಕಂಪ್ಯೂಟರ್ ಆನ್ ಮಾಡಿ, ಹಲ್ಲುಜ್ಜಿ, ಹಾಲು ಕುಡಿದು ಬಂದರೂ ಪರದೆಯ ಮೇಲೆ ಚುಕ್ಕಿಗಳು ಇನ್ನೂ ಸುತ್ತುತ್ತಲೇ ಇರುತ್ತವೆಯೇ? "ಇದು ಹಳೇದಾಯ್ತು, ಹೊಸದು ತರೋಣ" ಅಂತ ಮನೆಯಲ್ಲಿ ಮಾತು ಬಂದಿದೆಯೇ? ಸ್ವಲ್ಪ ತಡೆಯಿರಿ. ಎಷ್ಟೋ ಸಲ ಬದಲಿಸಬೇಕಾದದ್ದು ಇಡೀ ಕಂಪ್ಯೂಟರ್ ಅಲ್ಲ, ಅದರೊಳಗಿನ ಒಂದೇ ಒಂದು ಭಾಗ.

ಅಡುಗೆಮನೆಯ ಲೆಕ್ಕ

ಕಂಪ್ಯೂಟರನ್ನು ಮದುವೆಮನೆಯ ಅಡುಗೆಮನೆ ಅಂದುಕೊಳ್ಳಿ. ಅಡುಗೆ ಭಟ್ಟರೇ ಪ್ರೊಸೆಸರ್. ಕೈಗೆ ಸಿಗುವಂತೆ ಸಾಮಾನು ಹರಡಿಕೊಳ್ಳುವ ಕಟ್ಟೆ ಅಂದರೆ ಮೆಮೊರಿ. ಅಕ್ಕಿ, ಬೇಳೆ, ಬೆಲ್ಲ ತುಂಬಿಟ್ಟ ಉಗ್ರಾಣವೇ ಡ್ರೈವ್. ಕಂಪ್ಯೂಟರ್ ಆಫ್ ಮಾಡಿದರೆ ಕಟ್ಟೆ ಖಾಲಿಯಾಗುತ್ತದೆ, ಉಗ್ರಾಣ ಹಾಗೇ ಇರುತ್ತದೆ. ಮತ್ತೆ ಆನ್ ಮಾಡಿದಾಗ ಬೇಕಾದ ಫೈಲುಗಳನ್ನೆಲ್ಲ ಉಗ್ರಾಣದಿಂದ ಕಟ್ಟೆಗೆ ತರಬೇಕು. ಉಗ್ರಾಣದವನು ನಿಧಾನವಾದರೆ ಭಟ್ಟರು ಎಷ್ಟು ಚುರುಕಾಗಿದ್ದರೇನು? ಕೈಕಟ್ಟಿ ಕೂರಬೇಕಷ್ಟೆ.

ಹಾರ್ಡ್ ಡಿಸ್ಕ್ ಏಕೆ ನಿಧಾನ?

ಹಾರ್ಡ್ ಡಿಸ್ಕ್ ಒಳಗೆ ತಟ್ಟೆಗಳು ತಿರುಗುತ್ತವೆ. ಒಂದು ಪುಟ್ಟ ತೋಳು ಅತ್ತಿತ್ತ ಸರಿದು ಓದುತ್ತದೆ. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ತಟ್ಟೆ ನಿಮಿಷಕ್ಕೆ 5,400 ಸುತ್ತು ತಿರುಗುವುದು ಸಾಮಾನ್ಯ. ಅಂದರೆ ಸೆಕೆಂಡಿಗೆ 90 ಸುತ್ತು, ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ಬೇಕಾದ ಜಾಗ ತೋಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ತೋಳು ಸರಿಯುವ ಹೊತ್ತೂ ಸೇರಿದರೆ ಸುಮಾರು 15 ಮಿಲಿಸೆಕೆಂಡ್ ಅಂದುಕೊಳ್ಳೋಣ. ಹೀಗೆ 10,000 ಚೂರುಗಳನ್ನು ಬೇರೆ ಬೇರೆ ಜಾಗದಿಂದ ಹುಡುಕಿ ತರಬೇಕಾದರೆ 150 ಸೆಕೆಂಡ್, ಅಂದರೆ ಎರಡೂವರೆ ನಿಮಿಷ!

ಎಸ್‌ಎಸ್‌ಡಿಯಲ್ಲಿ ತಟ್ಟೆಯೂ ಇಲ್ಲ, ತೋಳೂ ಇಲ್ಲ. ಎಲ್ಲವೂ ಚಿಪ್‌ಗಳಲ್ಲೇ. ಒಂದು ಚೂರಿಗೆ 0.1 ಮಿಲಿಸೆಕೆಂಡ್ ಅಂತ ಇಟ್ಟುಕೊಂಡರೂ ಅದೇ 10,000 ಚೂರು ಒಂದು ಸೆಕೆಂಡಿನಲ್ಲಿ ಬರುತ್ತವೆ. ಸ್ಟಾರ್ಟ್ ಆಗುವಾಗ ಬೇರೆ ಕೆಲಸಗಳೂ ಇರುವುದರಿಂದ ಕಂಪ್ಯೂಟರ್ ಒಂದೇ ಸೆಕೆಂಡಿಗೆ ಏಳುವುದಿಲ್ಲ, ನಿಜ. ಆದರೂ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಈ ಕಥೆಯಲ್ಲಿ ನಮ್ಮ ಟೆಕ್ಸಾಸ್‌ಗೂ ಪಾಲಿದೆ. 1958ರಲ್ಲಿ ಡಾಲಸ್‌ನ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿ ಜಾಕ್ ಕಿಲ್ಬಿ ಇಂಟಿಗ್ರೇಟೆಡ್ ಸರ್ಕ್ಯೂಟ್ ಮಾಡಿ ತೋರಿಸಿದರು. ಅದಕ್ಕಾಗಿ 2000ದಲ್ಲಿ ನೊಬೆಲ್ ಬಹುಮಾನ ಬಂತು. ಹ್ಯೂಸ್ಟನ್‌ನಲ್ಲಿ 1982ರಲ್ಲಿ ಕಾಂಪ್ಯಾಕ್ ಹುಟ್ಟಿತು. ಅದರ ದೊಡ್ಡ ಕಚೇರಿ ಇದ್ದದ್ದು ನಮ್ಮ ಸೈಪ್ರೆಸ್‌ಗೆ ಹತ್ತಿರದ ಹೈವೇ 249ರ ಪಕ್ಕ. ಅದರ ಮೊದಲ "ಹೊತ್ತೊಯ್ಯುವ" ಕಂಪ್ಯೂಟರ್ ಸುಮಾರು 28 ಪೌಂಡ್ ತೂಗುತ್ತಿತ್ತು! ಆಸ್ಟಿನ್‌ನಲ್ಲಿ 1984ರಲ್ಲಿ ಮೈಕೆಲ್ ಡೆಲ್ ಕಾಲೇಜಿನಲ್ಲಿದ್ದಾಗಲೇ ತಮ್ಮ ಕಂಪನಿ ಶುರುಮಾಡಿದರು.

ಕೊಳ್ಳುವ ಮೊದಲು ಕಾಯಿಲೆ ಗೊತ್ತಾಗಲಿ

ರೋಗ ತಿಳಿಯದೆ ಮದ್ದು ಕೊಡಬಾರದು. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಆನ್ ಆದ ಹೊಸದರಲ್ಲಿ ಡಿಸ್ಕ್ 100% ಇದ್ದು ಪ್ರೊಸೆಸರ್ ಸುಮ್ಮನೆ ಕೂತಿದ್ದರೆ, ತಪ್ಪು ಉಗ್ರಾಣದ್ದೇ ಇರಬಹುದು. ಪರ್ಫಾರ್ಮೆನ್ಸ್ ಪುಟದಲ್ಲಿ ಎಚ್‌ಡಿಡಿ ಅಂತ ಕಂಡರೆ ಹಾರ್ಡ್ ಡಿಸ್ಕ್ ಇದೆ ಎಂದರ್ಥ. ಈಗಾಗಲೇ ಎಸ್‌ಎಸ್‌ಡಿ ಇದ್ದರೆ ಬೇರೆ ಕಾರಣ ಹುಡುಕಿ: ಆನ್ ಆದ ಕೂಡಲೇ ತಾವಾಗಿಯೇ ತೆರೆದುಕೊಳ್ಳುವ ಆ್ಯಪ್‌ಗಳು ಹೆಚ್ಚಿರಬಹುದು, ಇಲ್ಲವೇ ಮೆಮೊರಿ ಸಾಲದಿರಬಹುದು.

ಆರಿಸುವುದು ಹೇಗೆ?

1. ಆಕಾರ: ಕಾಲಿಗೆ ತಕ್ಕ ಚಪ್ಪಲಿ ಬೇಕು. ಹಾರ್ಡ್ ಡಿಸ್ಕ್ ಇದ್ದ ಜಾಗಕ್ಕೆ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಕೂರುತ್ತದೆ. ಚೂಯಿಂಗ್ ಗಮ್ ಪಟ್ಟಿಯಂಥ ತೆಳುವಾದದ್ದು ಎಂ.2. ಅದರಲ್ಲೂ ಸಾಟಾ, ಎನ್‌ವಿಎಂಇ ಎಂದು ಎರಡು ಬಗೆ. ನೋಡಲು ಅಣ್ಣತಮ್ಮಂದಿರಂತೆ ಇದ್ದರೂ ಒಂದರ ಬದಲು ಇನ್ನೊಂದು ಕೆಲಸ ಮಾಡದೇ ಇರಬಹುದು. ಕಂಪ್ಯೂಟರಿನ ಮಾಡೆಲ್ ನಂಬರ್ ಹಿಡಿದು ಕೈಪಿಡಿ ನೋಡಿ. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವ್ ಬೋರ್ಡಿಗೇ ಬೆಸುಗೆಯಾಗಿರುತ್ತದೆ. ಅದನ್ನು ಬದಲಿಸಲಾಗದು.

2. ವೇಗ: ಸಾಟಾ ಸೆಕೆಂಡಿಗೆ ಸುಮಾರು 550 ಎಂಬಿ, ಎನ್‌ವಿಎಂಇ 3,500 ಎಂಬಿ ಅಥವಾ ಇನ್ನೂ ಹೆಚ್ಚು ಓದಬಲ್ಲದು. ಆದರೆ ಸ್ಟಾರ್ಟ್ ಆಗುವ ಹೊತ್ತಿನಲ್ಲಿ ಈ ಎರಡರ ನಡುವೆ ಅಂಥ ದೊಡ್ಡ ವ್ಯತ್ಯಾಸ ಕಾಣದು. ದೊಡ್ಡ ಜಿಗಿತ ಹಾರ್ಡ್ ಡಿಸ್ಕ್‌ನಿಂದ ಎಸ್‌ಎಸ್‌ಡಿಗೆ. ಡಬ್ಬದ ಮೇಲಿನ ದೊಡ್ಡ ಅಂಕಿಗೆ ಮರುಳಾಗಬೇಡಿ.

3. ಜಾಗ: ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ, ಇಲ್ಲಿ ಮೊದಲು ಕಾಲನ್ನು ಅಳೆದು ಹಾಸಿಗೆ ಕೊಳ್ಳಿ. ಈಗ 180 ಜಿಬಿ ತುಂಬಿದ್ದರೆ 256 ಬೇಗ ಸಾಲದಾಗುತ್ತದೆ, 500 ನೆಮ್ಮದಿ.

4. ಬಾಳಿಕೆ: ವಾರಂಟಿ ಎಷ್ಟು ವರ್ಷ, ಒಟ್ಟು ಎಷ್ಟು ಟಿಬಿ ಬರೆಯಬಹುದು ಎಂದು ಕಂಪನಿ ಹೇಳಿರುತ್ತದೆ. ಬೆಲೆಯ ಜೊತೆ ಅದನ್ನೂ ಹೋಲಿಸಿ.

ಅಪ್ಪ ಅಮ್ಮಂದಿರಿಗೆ ಒಂದು ಮಾತು

ಡ್ರೈವ್ ಅಂಗಡಿಯಲ್ಲಿ ಸಿಗುತ್ತದೆ. ಊರಲ್ಲಿ ಅಜ್ಜಿ ಕಥೆ ಹೇಳಿದ ವಿಡಿಯೊ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಹಾರ್ಡ್ ಡಿಸ್ಕ್ ದಿಢೀರನೆ ನಿಧಾನವಾಗಿ ಟಕ್ ಟಕ್ ಸದ್ದು ಮಾಡುತ್ತಿದ್ದರೆ ಅದು ಕೆಡುತ್ತಿರಬಹುದು. ವೇಗದ ಚಿಂತೆ ಆಮೇಲೆ, ಮೊದಲು ಫೋಟೊ, ವಿಡಿಯೊ, ಕಾಗದಪತ್ರ ಕಾಪಿ ಮಾಡಿ. ಒಂದು ಪ್ರತಿ ಮನೆಯಿಂದ ಹೊರಗೆ ಅಥವಾ ಕ್ಲೌಡ್‌ನಲ್ಲಿರಲಿ. 2017ರಲ್ಲಿ ಹಾರ್ವೆ ಚಂಡಮಾರುತದ ನೀರು ಹ್ಯೂಸ್ಟನ್ ಸುತ್ತಲಿನ ಎಷ್ಟೋ ಮನೆಗಳಿಗೆ ನುಗ್ಗಿದ್ದನ್ನು ನಾವು ಮರೆತಿಲ್ಲ. ಒಂದೇ ಮನೆಯಲ್ಲಿ ಎರಡು ಪ್ರತಿ ಇದ್ದರೆ ಎರಡೂ ಒಟ್ಟಿಗೇ ಹೋಗಬಹುದು. ಬಿಟ್‌ಲಾಕರ್ ಆನ್ ಇದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಹೊಸ ಡ್ರೈವ್ ಸರಿಯಾಗಿ ನಡೆಯುವವರೆಗೂ ಹಳೆಯದನ್ನು ಅಳಿಸಬೇಡಿ. ಇನ್ನೊಂದು ವಿಷಯ: ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಕಂಪ್ಯೂಟರ್ ವಿಂಡೋಸ್ 11ಕ್ಕೆ ಒಗ್ಗುತ್ತದೆಯೇ ಎಂದು ನೋಡಿಯೇ ದುಡ್ಡು ಹಾಕಿ.

ಮಕ್ಕಳೇ, ದೊಡ್ಡವರಿಲ್ಲದೆ ಕಂಪ್ಯೂಟರ್ ಬಿಚ್ಚಬೇಡಿ. ಸ್ಕೂಲಿನವರು ಕೊಟ್ಟ ಲ್ಯಾಪ್‌ಟಾಪನ್ನಂತೂ ಮುಟ್ಟಲೇಬೇಡಿ!

ಮಾಡಿ ನೋಡಿ

1. ನಿಮ್ಮ ಕಂಪ್ಯೂಟರ್ ಆನ್ ಆಗಲು ಎಷ್ಟು ಸೆಕೆಂಡ್ ಬೇಕು? ಮೂರು ದಿನ ಅಳೆದು ಸರಾಸರಿ ತೆಗೆಯಿರಿ.
2. ನಿಮಿಷಕ್ಕೆ 7,200 ಸುತ್ತು ತಿರುಗುವ ತಟ್ಟೆಗೆ ಒಂದು ಸುತ್ತಿಗೆ ಎಷ್ಟು ಹೊತ್ತು?
3. ಯೂನಿಕೋಡ್‌ನಲ್ಲಿ "ಕನ್ನಡ" ಪದಕ್ಕೆ ಐದು ಸಂಕೇತ: ಕ, ನ, ಪ್ರತ್ಯೇಕವಾಗಿ ಎಣಿಸುವ ಹಲಂತ ಚಿಹ್ನೆ, ಮತ್ತೊಂದು ನ, ಡ. ಯುಟಿಎಫ್-8ರಲ್ಲಿ ಒಂದೊಂದಕ್ಕೂ 3 ಬೈಟ್ ಜಾಗವಾದರೆ ಒಟ್ಟು ಎಷ್ಟು?

(ಉತ್ತರ: 2. ಸುಮಾರು 8.3 ಮಿಲಿಸೆಕೆಂಡ್. 3. 15 ಬೈಟ್.)