ಹಣ್ಣಿನ ಹುಳಿ ಬಿಯರ್: ರುಚಿ ನೋಡುತ್ತ ಕಲಿತದ್ದು

1. ಸಿಹಿ ಹುಡುಕಬೇಡಿ. ಬ್ರಸೆಲ್ಸ್ ಸುತ್ತಮುತ್ತಲಿನ ಕ್ರೀಕ್ ಅಂದರೆ ಗಾಳಿಯ ಯೀಸ್ಟಿನಿಂದ ತಾನಾಗಿ ಹುಳಿಯುವ ಲ್ಯಾಂಬಿಕ್ ಬಿಯರಿನಲ್ಲಿ ಹುಳಿ ಚೆರ್ರಿ ನೆನೆಹಾಕಿ ತಿಂಗಳುಗಟ್ಟಲೆ ಬಿಟ್ಟದ್ದು. ಲೀಟರಿಗೆ 200 ಗ್ರಾಂ ಅಥವಾ ಅದಕ್ಕೂ ಹೆಚ್ಚು ಹಣ್ಣು ಬಿದ್ದರೂ ಅದರ ಸಕ್ಕರೆಯನ್ನೆಲ್ಲ ಯೀಸ್ಟ್ ತಿಂದು ಮುಗಿಸಿರುತ್ತದೆ. ಬಣ್ಣ, ಘಮ, ಹುಳಿ, ಸಿಪ್ಪೆಯ ಒಗರು ಮಾತ್ರ ಉಳಿಯುತ್ತವೆ. ಜ್ಯೂಸ್ ಕುಡಿಯುವ ಮನಸ್ಸಿನಿಂದ ಲೋಟ ಎತ್ತಿದವರಿಗೆ ನಿರಾಸೆ ಖಂಡಿತ.

2. ಲೇಬಲ್ ಓದಿ. ಕ್ರೀಕ್ ಹೆಸರಿನಲ್ಲಿ ಸಕ್ಕರೆ, ರಸ ಬೆರೆಸಿದ ಬಾಟಲಿಗಳೂ ಬರುತ್ತವೆ. ‘ಔಡೆ ಕ್ರೀಕ್’ ಎಂದಿದ್ದರೆ ಹಳೆಯ ಪದ್ಧತಿಯದು.

3. ಕುಡಿಯುವ ಮೊದಲು ಮೂಸಿ. ಒಳ್ಳೆಯ ಕ್ರೀಕಿನಲ್ಲಿ ಮೊದಲು ಚೆರ್ರಿ ಘಮ್ಮೆನ್ನುತ್ತದೆ. ಅದರ ಬೆನ್ನಿಗೇ ಬಾದಾಮಿಯ ವಾಸನೆ ಬರುತ್ತದೆ. ಅದು ಹಣ್ಣಿನ ಬೀಜದ್ದು. ಇನ್ನೊಂದು ಸಲ ಮೂಸಿದರೆ ಒಣಹುಲ್ಲು, ತೊಗಲು, ಕೆಲವೊಮ್ಮೆ ಕುದುರೆ ಲಾಯ! ಮೊದಲ ಸಲ ಮುಖ ಕಿವುಚುವವರೇ ಹೆಚ್ಚು. ಅದು ಬ್ರೆಟನೊಮೈಸಿಸ್ ಎಂಬ ಕಾಡು ಯೀಸ್ಟಿನ ಗುರುತು, ಕೆಟ್ಟದ್ದರ ಗುರುತಲ್ಲ. ನನಗಂತೂ ಅದಿಲ್ಲದ ಲ್ಯಾಂಬಿಕ್ ಸಪ್ಪೆ.

4. ಮೊದಲ ಗುಟುಕಿಗೇ ತೀರ್ಪು ಕೊಡಬೇಡಿ. ಹುಳಿಗೆ ಹಲ್ಲು ಜುಮ್ಮೆಂದು ಬಾಯಲ್ಲಿ ನೀರೂರುವ ಹೊತ್ತಿನಲ್ಲಿ ಬೇರೇನೂ ತಿಳಿಯುವುದಿಲ್ಲ. ಮೂರನೆಯ ಗುಟುಕಿನಿಂದ ಹಣ್ಣು ಮಾತಾಡುತ್ತದೆ. ಪುನರ್ಪುಳಿ ಸಾರು ಉಂಡು ಬೆಳೆದ ಕರಾವಳಿಯವರ ನಾಲಿಗೆ ಬೇಗ ಹೊಂದಿಕೊಳ್ಳುತ್ತದೆ.

5. ಯಾವ ಹುಳಿ ಎಂದು ಕೇಳಿಕೊಳ್ಳಿ. ಎಲ್ಲಕ್ಕಿಂತ ದೊಡ್ಡ ಪಾಠ ಇದೇ. ಲ್ಯಾಕ್ಟಿಕ್ ಆಮ್ಲ ಮೊಸರಿನಲ್ಲಿರುವುದೇ. ನಾಲಿಗೆಯ ಮೇಲೆ ಮೆತ್ತಗೆ ಹರಡಿ ಹಣ್ಣಿಗೆ ಜಾಗ ಬಿಡುತ್ತದೆ. ಅಸಿಟಿಕ್ ಆಮ್ಲ ವಿನೆಗರಿನದು. ಮೂಗಿಗೆ ಚುಚ್ಚುತ್ತದೆ, ಗಂಟಲು ಉರಿಸುತ್ತದೆ. ಪಶ್ಚಿಮ ಫ್ಲಾಂಡರ್ಸಿನ ಕೆಂಪು ಬಿಯರುಗಳಲ್ಲಿ ಎರಡನೆಯದೂ ಒಂದಿಷ್ಟು ಇರಬೇಕಾದದ್ದೇ. ಆದರೆ ಕ್ರೀಕಿನಲ್ಲಿ ವಿನೆಗರ್ ಮೇಲಾಗಿ ಚೆರ್ರಿ ಅಡಗಿಹೋದರೆ, ಪೀಪಾಯಿಗೆ ಗಾಳಿ ಹೊಕ್ಕಿದೆ ಎಂದೇ ಲೆಕ್ಕ. ಅಂಥದ್ದನ್ನು ‘ಸಾಂಪ್ರದಾಯಿಕ’ ಎಂದು ಹೊಗಳಬೇಕಿಲ್ಲ.

6. ಹೇಗೆ ಹುಳಿ ಬಂತೆಂದು ತಿಳಿದೇ ಅಳೆಯಿರಿ. 1900ರಲ್ಲಿ ಶುರುವಾದ ಬ್ರಸೆಲ್ಸಿನ ಲ್ಯಾಂಬಿಕ್ ಬ್ರೂವರಿ ಕಾಂಟಿಯೋನ್‌ನಲ್ಲಿ ಇಂದಿಗೂ ಚಳಿ ತಿಂಗಳುಗಳಲ್ಲಿ ಬೇಯಿಸಿದ ಧಾನ್ಯರಸವನ್ನು ಅಗಲವಾದ ತೆರೆದ ತಟ್ಟೆಯಂಥ ತೊಟ್ಟಿಯಲ್ಲಿ ರಾತ್ರಿಯಿಡೀ ಆರಲು ಬಿಡುತ್ತಾರೆ. ಗಾಳಿಯಲ್ಲಿರುವ ಯೀಸ್ಟು, ಬ್ಯಾಕ್ಟೀರಿಯಾಗಳು ತಾವಾಗಿ ಸೇರುತ್ತವೆ. ಮುಂದಿನ ಕೆಲಸವೆಲ್ಲ ಮರದ ಪೀಪಾಯಿಯಲ್ಲಿ, ವರ್ಷಗಟ್ಟಲೆ. ಈಗಿನ ಹೆಚ್ಚಿನ ಹಣ್ಣಿನ ಹುಳಿ ಬಿಯರುಗಳಿಗೆ ಅಷ್ಟು ಪುರಸೊತ್ತಿಲ್ಲ. ಪಾತ್ರೆಯಲ್ಲೇ ಲ್ಯಾಕ್ಟೊಬ್ಯಾಸಿಲಸ್ ಬ್ಯಾಕ್ಟೀರಿಯಾ ಹಾಕಿ ಒಂದೆರಡು ದಿನದಲ್ಲಿ ಹುಳಿ ಬರಿಸಿ, ಕುದಿಸಿ, ಆಮೇಲೆ ಸಾಮಾನ್ಯ ಯೀಸ್ಟ್ ಹಾಕುತ್ತಾರೆ. ಅವು ಕೀಳಲ್ಲ. ಅಲ್ಲಿ ಹುಳಿ ಶುಚಿಯಾಗಿರುತ್ತದೆ, ಮಾವು, ಪ್ಯಾಶನ್ ಫ್ರೂಟ್ ನೇರವಾಗಿ ಸಿಗುತ್ತವೆ. ಲಾಯದ ವಾಸನೆಯನ್ನು ಅವುಗಳಲ್ಲಿ ಹುಡುಕುವುದು ಅನ್ಯಾಯ. ಬರ್ಲಿನ್ನಿನವರಂತೂ ತಮ್ಮ ತೆಳು ಹುಳಿ ಬಿಯರಿಗೆ ಕುಡಿಯುವಾಗಲೇ ರಾಸ್‌ಬೆರಿ ಸಿರಪ್ ಬೆರೆಸಿಕೊಳ್ಳುತ್ತಾರೆ.

7. ಐಸಿನಷ್ಟು ತಣ್ಣಗೆ ಬೇಡ. ಫ್ರಿಜ್ಜಿನಿಂದ ತೆಗೆದು ಸ್ವಲ್ಪ ಹೊತ್ತು ಬಿಟ್ಟು, 10 ಡಿಗ್ರಿ ಆಸುಪಾಸಿಗೆ ಬಂದಾಗ ಸುರಿಯಿರಿ.

8. ಜೊತೆಗೆ ಉಪ್ಪು, ಕೊಬ್ಬು ಇರಲಿ. ಬ್ರಸೆಲ್ಸಿನಲ್ಲಿ ಬ್ರೆಡ್ಡಿನ ಮೇಲೆ ಬಿಳಿ ಮೆದು ಚೀಸ್ ಸವರಿ ಕೆಂಪು ಮೂಲಂಗಿ ಬಿಲ್ಲೆ ಇಟ್ಟು ಕೊಡುತ್ತಾರೆ. ಅದಕ್ಕಿಂತ ಒಳ್ಳೆಯ ಜೋಡಿ ನಾನು ಕಂಡಿಲ್ಲ.

9. ಹಣ್ಣಿನ ಬಾಟಲಿ ಕೂಡಿಡಬೇಡಿ. ಹಣ್ಣು ಬೆರೆಸದ ಲ್ಯಾಂಬಿಕ್ ಬಗೆಯಾದ ಗೂಜ್ ವರ್ಷ ಕಳೆದಂತೆ ಮಾಗುತ್ತದೆ, ಅದನ್ನು ಧಾರಾಳವಾಗಿ ಇಡಿ. ಕ್ರೀಕ್ ಹಳತಾದರೂ ಕೆಡುವುದಿಲ್ಲ, ಆದರೆ ಚೆರ್ರಿ ಮಾಸುತ್ತ ಹೋಗುತ್ತದೆ; ರಾಸ್‌ಬೆರಿಯದು ಇನ್ನೂ ಬೇಗ. ಹಣ್ಣಿಗಾಗಿಯೇ ಕೊಂಡಿದ್ದರೆ ಆ ವರ್ಷವೇ ತೆರೆಯಿರಿ.