ಕಾರಿಗೆ ಚಳಿ ಬಂದ ಭಾನುವಾರ

ಮಕ್ಕಳೇ, ಕಾರಿನಲ್ಲಿ ಕೂತಾಗ ಸೀಟು ಗಡಗಡ ನಡುಗಿದ್ದು ಯಾವತ್ತಾದರೂ ನಿಮ್ಮ ಗಮನಕ್ಕೆ ಬಂದಿದೆಯಾ? ನಮ್ಮ ಹನ್ನೊಂದು ವರ್ಷದ ಕಾರು ಹೋದ ಚಳಿಗಾಲದಲ್ಲಿ ಹಾಗೆ ಮಾಡಿತು. ಕನ್ನಡ ಶಾಲೆಗೆ ಬರುವ ದಾರಿಯಲ್ಲಿ, ಫ್ರೀವೇಗೆ ಸೇರುವ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದೆ. ಕಾರು ಮುಂದೆ ನುಗ್ಗುವ ಬದಲು ಎಡವಿ ಎಡವಿ ನಡುಗಿತು. ಹಿಂದೆ ಕೂತಿದ್ದ ಮಗಳು, "ಅಪ್ಪಾ, ಕಾರಿಗೆ ಚಳಿ ಆಗ್ತಿದೆ" ಅಂದಳು. ಆಮೇಲೆ ಕತ್ತು ಚಾಚಿ ನೋಡಿ, "ಹಳದಿ ದೀಪ ಬೇರೆ ಮಿಣುಕ್ತಾ ಇದೆ" ಅಂದಳು.

ತರಗತಿಗೆ ತಡವಾಗಿತ್ತು. ನಾನು ಕಾರು ನಿಲ್ಲಿಸಲಿಲ್ಲ. ಅದು ತಪ್ಪು. ಯಾಕೆ ಅಂತ ಆಮೇಲೆ ಹೇಳ್ತೀನಿ.

ಮೊದಲು ಒಳಗೆ ಏನಾಗುತ್ತೆ ನೋಡೋಣ. ನಮ್ಮ ಕಾರಿನ ಎಂಜಿನ್‌ಗೆ ನಾಲ್ಕು ಸಿಲಿಂಡರ್. ಜಾತ್ರೆಯಲ್ಲಿ ದೇವರ ಪಲ್ಲಕ್ಕಿ ಹೊರುವ ನಾಲ್ಕು ಜನರನ್ನು ನೆನಪಿಸಿಕೊಳ್ಳಿ. (ನೋಡಿಲ್ಲದಿದ್ದರೆ ಊರಿನ ಅಜ್ಜಿಗೆ ಫೋನ್ ಮಾಡಿ ಕೇಳಿ, ಖುಷಿಯಾಗಿ ಹೇಳ್ತಾರೆ.) ಒಬ್ಬರಿಗೆ ಕಾಲು ನೋವಿದ್ದರೂ ಸಮತಟ್ಟು ದಾರಿಯಲ್ಲಿ ಹೇಗೋ ಸಾಗುತ್ತೆ. ಏರು ಬಂದಾಗಲೇ ಪಲ್ಲಕ್ಕಿ ಓಲಾಡೋದು. ಎಂಜಿನ್ನಿನದೂ ಅದೇ ಕಥೆ.

ಸಿಲಿಂಡರಿನಲ್ಲಿ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣಕ್ಕೆ ಸ್ಪಾರ್ಕ್ ಪ್ಲಗ್ ಕಿಡಿ ಹಚ್ಚುತ್ತದೆ. ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುತ್ತಿದ್ದರೆ ಒಂದೊಂದು ಸಿಲಿಂಡರಿನಲ್ಲೂ ನಿಮಿಷಕ್ಕೆ 1000 ಸಲ ಕಿಡಿ ಹಾರಬೇಕು. ಕಾರಿನ ಬ್ಯಾಟರಿ ಬರೀ 12 ವೋಲ್ಟಿನದು. ಅದನ್ನು ಸಾವಿರಾರು ವೋಲ್ಟಿಗೆ ಏರಿಸಿ ಪ್ಲಗ್ಗಿಗೆ ಕೊಡೋದು ಇಗ್ನಿಷನ್ ಕಾಯಿಲ್. ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರಿಗೆ ಹೆಚ್ಚು ಗಾಳಿ ನುಗ್ಗಿ ಒತ್ತಡ ಏರುತ್ತದೆ. ಆ ಒತ್ತಡದಲ್ಲಿ ಕಿಡಿ ಹಾರೋದಕ್ಕೆ ಇನ್ನೂ ಹೆಚ್ಚು ವೋಲ್ಟ್ ಬೇಕು. ಸೋತ ಕಾಯಿಲ್ ಅಲ್ಲೇ ಕೈಕೊಡುತ್ತೆ. ನಮ್ಮೂರ ಮೆಕ್ಯಾನಿಕ್‌ಗಳು "ಗಾಡಿ ಮಿಸ್ಸಿಂಗ್ ಹೊಡೀತಿದೆ" ಅನ್ನೋದು ಇದನ್ನೇ.

ಸರಿ, ನಾಲ್ಕರಲ್ಲಿ ಕಾಲು ನೋವು ಯಾರಿಗೆ? ಹಳೇ ಅಂಬಾಸಿಡರ್ ಕಾಲದಲ್ಲಿ ಓಡುವ ಎಂಜಿನ್ನಿನ ಪ್ಲಗ್ ವೈರ್ ಒಂದೊಂದಾಗಿ ಎಳೆದು ಪತ್ತೆ ಮಾಡ್ತಿದ್ದರು. ಈಗಿನ ಕಾಯಿಲ್‌ಗಳ ಮೇಲೆ ಆ ಸಾಹಸ ಬೇಡ. ಅಮೆರಿಕದಲ್ಲಿ 1996ರಿಂದ ಮಾರುವ ಕಾರುಗಳಲ್ಲಿ ಸ್ಟೀರಿಂಗಿನ ಕೆಳಗೆ ಓಬಿಡಿ ಅನ್ನೋ ಸಾಕೆಟ್ ಇರುತ್ತದೆ. ಅದಕ್ಕೆ ಪುಟ್ಟ ಸ್ಕ್ಯಾನರ್ ಸಿಕ್ಕಿಸಿದರೆ ಕಾರೇ ತನ್ನ ನೋವು ಹೇಳುತ್ತೆ. ನಮ್ಮದು ಹೇಳಿದ್ದು ಪಿ-0302. ಅಂದರೆ ಎರಡನೇ ಸಿಲಿಂಡರ್ ಮಿಸ್ ಆಗ್ತಿದೆ. (ಪಿ-0300 ಬಂದರೆ ಯಾವುದೋ ಒಂದು ಅಲ್ಲ, ಅಲ್ಲೊಂದು ಇಲ್ಲೊಂದು ಮಿಸ್ ಆಗ್ತಿದೆ ಅಂತ.)

ಇಲ್ಲೇ ದೊಡ್ಡವರು ಜಾರೋದು. ನಾನೂ ಕೋಡ್ ನೋಡಿದ ತಕ್ಷಣ ಅಂಗಡಿಗೆ ಹೊರಟಿದ್ದೆ. "ಏನು ತರ್ತೀಯಾ?" ಅಂತ ಮಗಳು ಕೇಳಿದಾಗ ಉತ್ತರ ಇರಲಿಲ್ಲ. ಕೋಡ್ ಹೇಳಿದ್ದು ಎಲ್ಲಿ ಅಂತ ಮಾತ್ರ, ಯಾಕೆ ಅಂತ ಅಲ್ಲ. ಕಾಯಿಲ್, ಪ್ಲಗ್, ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್, ಮೂವರ ಮೇಲೂ ಅನುಮಾನ.

ಅದಕ್ಕೇ ಒಂದು ಕಾಸೂ ಖರ್ಚಿಲ್ಲದ ಪರೀಕ್ಷೆ ಮಾಡಿದೆವು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಎರಡನೇ ಸಿಲಿಂಡರಿನ ಕಾಯಿಲ್ ಬಿಚ್ಚಿ ಮೂರನೆಯದಕ್ಕೆ, ಮೂರನೆಯದನ್ನು ಎರಡನೆಯದಕ್ಕೆ ಹಾಕಿದೆವು. ಬೇರೇನನ್ನೂ ಮುಟ್ಟಲಿಲ್ಲ. ಎರಡು ವಸ್ತು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯೋದೇ ಇಲ್ಲ. ಆಫೀಸಿನಲ್ಲಿ ಪ್ರೋಗ್ರಾಂ ಕೆಟ್ಟಾಗಲೂ ನನ್ನ ಗೋಳು ಇದೇ. ಹಳೇ ಕೋಡ್ ಅಳಿಸಿ, ಮನೆಯ ಹತ್ತಿರದ ಚಿಕ್ಕ ಏರಿನಲ್ಲಿ ಒಂದೇ ಸುತ್ತು ಹೋಗಿ ಬಂದೆ. ಮಗಳೇ ಸ್ಕ್ಯಾನರ್ ಓದಿದಳು: ಪಿ-0303! ಕಾಯಿಲ್ ಜೊತೆ ಕಾಯಿಲೆಯೂ ಮೂರನೇ ಮನೆಗೆ ಹೋಗಿತ್ತು. ಕಳ್ಳ ಸಿಕ್ಕಿಬಿದ್ದ.

ಕೋಡ್ 0302 ಆಗಿಯೇ ಉಳಿದಿದ್ದರೆ ಪ್ಲಗ್‌ಗಳನ್ನು ಅದೇ ರೀತಿ ಅದಲುಬದಲು ಮಾಡಬೇಕಿತ್ತು. ಅದಕ್ಕೂ ಜಗ್ಗದಿದ್ದರೆ ಮೆಕ್ಯಾನಿಕ್ ಹತ್ತಿರ ಹೋಗೋದೇ ವಾಸಿ.

ಹೊಸ ಕಾಯಿಲ್ ಹಾಕಿದೆ. ಪ್ಲಗ್‌ಗಳ ತುದಿ ಸವೆದು ಸಂದು ಅಗಲವಾಗಿತ್ತು. ಸಂದು ಅಗಲವಾದಷ್ಟೂ ಕಾಯಿಲ್‌ಗೆ ಶ್ರಮ ಜಾಸ್ತಿ. ಹಾಗಾಗಿ ನಾಲ್ಕನ್ನೂ ಬದಲಾಯಿಸಿದೆ. ನಡುಕ ನಿಂತಿತು.

ಪೋಷಕರಿಗೆ ಒಂದು ಮಾತು. ಎಲ್ಲಾ ನಡುಕವೂ ಮಿಸ್ಸಿಂಗ್ ಅಲ್ಲ. ಒಂದೇ ವೇಗದಲ್ಲಿ ಹೋಗುವಾಗ ಸ್ಟೀರಿಂಗ್ ನಡುಗಿದರೆ ಮೊದಲು ಚಕ್ರದ ಬ್ಯಾಲೆನ್ಸ್ ನೋಡಿಸಿ. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಬ್ರೇಕ್ ಡಿಸ್ಕ್ ನೋಡಿಸಿ. ಆಕ್ಸಿಲರೇಟರ್ ಒತ್ತಿದಾಗ ನಡುಗಿಯೂ ಕೋಡ್ ಇಲ್ಲದಿದ್ದರೆ ಚಕ್ರಕ್ಕೆ ಶಕ್ತಿ ಒಯ್ಯುವ ಆಕ್ಸಲ್ಲಿನ ಒಳ ಜಾಯಿಂಟ್ ಅಥವಾ ಎಂಜಿನ್ ಮೌಂಟ್ ಸವೆದಿರಬಹುದು.

ಇನ್ನು ನನ್ನ ತಪ್ಪಿನ ವಿಚಾರ. ಚೆಕ್ ಎಂಜಿನ್ ದೀಪ ಸುಮ್ಮನೆ ಉರಿಯುತ್ತಿದ್ದರೆ ಬೇಗ ತೋರಿಸಿ ಅಂತ ಅರ್ಥ. ಮಿಣುಕಿದರೆ, ಮಿಸ್ಸಿಂಗ್ ಜೋರಾಗಿದೆ, ಕ್ಷೇಮವಾದ ಜಾಗ ನೋಡಿ ನಿಲ್ಲಿಸಿ ಅಂತ. ಉರಿಯದೆ ಉಳಿದ ಪೆಟ್ರೋಲ್ ಹೊಗೆ ಕೊಳವೆಯ ಕಡೆ ಹೋಗಿ, ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿದು ಅದನ್ನೇ ಕರಗಿಸಬಹುದು. ಕಾಯಿಲ್‌ಗಿಂತ ಅದು ಎಷ್ಟೋ ಪಟ್ಟು ದುಬಾರಿ. ಅದಕ್ಕಿಂತ ಮುಖ್ಯವಾಗಿ, ಶಕ್ತಿಯಿಲ್ಲದ ಕಾರಿನಲ್ಲಿ, ಹಿಂದಿನ ಸೀಟಿನಲ್ಲಿ ಮಗು ಇಟ್ಟುಕೊಂಡು, ವೇಗವಾಗಿ ಬರುವ ಲಾರಿಗಳ ಮಧ್ಯೆ ನುಗ್ಗಿದ್ದೆ. ಐದು ನಿಮಿಷ ತಡವಾದರೆ ಯಾವ ಟೀಚರೂ ಬೈಯುತ್ತಿರಲಿಲ್ಲ.

ಕನ್ವರ್ಟರ್ ಸೋತರೆ ಸಾಮಾನ್ಯವಾಗಿ ಬರುವ ಕೋಡ್ ಪಿ-0420. ಇವತ್ತಿನವರೆಗೂ ಬಂದಿಲ್ಲ. ಆದರೂ ಪ್ರತಿ ಭಾನುವಾರ ಆ ಏರು ಬಂದ ಕೂಡಲೇ ಮಗಳು ಕತ್ತು ಚಾಚಿ ಡ್ಯಾಶ್‌ಬೋರ್ಡ್ ನೋಡ್ತಾಳೆ. "ದೀಪ ಇಲ್ಲ ಅಪ್ಪಾ, ಒತ್ತು" ಅಂದ ಮೇಲೇ ನಾನು ಒತ್ತೋದು.