ತೆಳ್ಳಗಿನ ಮಗುವಿಗೂ ಕೊಲೆಸ್ಟ್ರಾಲ್ ಪರೀಕ್ಷೆ ಬೇಕೆ?

ಅಪ್ಪನಿಗೆ ನಲವತ್ತರೊಳಗೇ ಹೃದಯಾಘಾತವಾದಾಗ ಮನೆಮಂದಿಯ ಗಮನವೆಲ್ಲ ಸ್ಟೆಂಟು, ಔಷಧ, ಪಥ್ಯದ ಮೇಲಿರುತ್ತದೆ. ಮಕ್ಕಳ ರಕ್ತವನ್ನೂ ಒಮ್ಮೆ ಪರೀಕ್ಷಿಸಬೇಕು ಎಂಬುದು ಎಷ್ಟೋ ಮನೆಗಳಲ್ಲಿ ಯಾರಿಗೂ ಹೊಳೆಯುವುದಿಲ್ಲ. ವೈದ್ಯರೇ ಹೇಳಿದರೂ, ‘ನಮ್ಮ ಹುಡುಗ ಕಡ್ಡಿಯಂತಿದ್ದಾನೆ, ಅವನಿಗೆಲ್ಲಿಯ ಕೊಲೆಸ್ಟ್ರಾಲ್ ಡಾಕ್ಟ್ರೇ?’ ಎನ್ನುವವರುಂಟು.

ಬೊಜ್ಜಿಗೂ ಕೊಲೆಸ್ಟ್ರಾಲಿಗೂ ನಂಟಿರುವುದು ನಿಜ. ಆದರೆ ವಂಶದಿಂದ ಬರುವ ಕೊಲೆಸ್ಟ್ರಾಲಿಗೆ ದಪ್ಪ, ತೆಳ್ಳಗೆ ಎಂಬ ಭೇದವಿಲ್ಲ. ರಕ್ತದಲ್ಲಿನ ಕೆಟ್ಟ ಕೊಲೆಸ್ಟ್ರಾಲನ್ನು, ಅಂದರೆ ಎಲ್‌ಡಿಎಲ್ಲನ್ನು, ತೆಗೆದುಹಾಕುವುದು ಲಿವರಿನ ಕೆಲಸ. ವಂಶವಾಹಿಯಲ್ಲಿ ದೋಷವಿದ್ದರೆ ಹುಟ್ಟಿನಿಂದಲೇ ಈ ಕೆಲಸ ಕುಂಟುತ್ತದೆ. ಜಗತ್ತಿನಲ್ಲಿ ಸುಮಾರು 250 ಜನರಲ್ಲಿ ಒಬ್ಬರಿಗೆ ಈ ತೊಂದರೆ ಇದೆಯೆಂದು ಅಂದಾಜು. ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಇಂಥ ಮಗು ಎಲ್ಲರಂತೆ ಓಡಿಯಾಡಿಕೊಂಡಿರುತ್ತದೆ, ಹೊರಗೆ ಏನೂ ಕಾಣುವುದಿಲ್ಲ.

ದೋಷ ಇಬ್ಬರಿಂದಲೂ ಬಂದರೆ ಕಾಯಿಲೆ ತೀವ್ರವಾಗುತ್ತದೆ. ಎಳೆಯ ವಯಸ್ಸಿನಲ್ಲೇ ಮೊಣಕೈ, ಮೊಣಕಾಲು, ಬೆರಳ ಸಂದುಗಳಲ್ಲಿ ಹಳದಿ ಬಣ್ಣದ ಗಂಟುಗಳು ಏಳುತ್ತವೆ. ಚರ್ಮದ ಕಾಯಿಲೆಯೆಂದು ಮುಲಾಮು ಹಚ್ಚುತ್ತ ಕೂರದೆ ತಕ್ಷಣ ವೈದ್ಯರಿಗೆ ತೋರಿಸಿ. ಸೋದರ ಸಂಬಂಧದ ಮದುವೆಗಳು ರೂಢಿಯಲ್ಲಿರುವ ನಮ್ಮಲ್ಲಿ ಇದನ್ನು ವಿಶೇಷವಾಗಿ ನೆನಪಿಡಬೇಕು.

ಯಾರಿಗೆ, ಯಾವಾಗ?

ಮಗುವಿನ ತಂದೆ, ಅಜ್ಜ, ಚಿಕ್ಕಪ್ಪ, ಸೋದರಮಾವಂದಿರಿಗೆ 55 ವರ್ಷದೊಳಗೆ, ಅಥವಾ ತಾಯಿ, ಅಜ್ಜಿ, ಚಿಕ್ಕಮ್ಮ, ಸೋದರತ್ತೆಯರಿಗೆ 65ರೊಳಗೆ ಹೃದಯಾಘಾತವಾಗಿದ್ದರೆ ಎರಡು ವರ್ಷ ತುಂಬಿದ ಮೇಲೆ ಮಗುವಿನ ಪರೀಕ್ಷೆ ಮಾಡಿಸಬಹುದು. ತಂದೆ ಅಥವಾ ತಾಯಿಗೆ ಕೊಲೆಸ್ಟ್ರಾಲ್ ಹೆಚ್ಚಿದ್ದರೂ, ಮಗುವಿಗೆ ಸಕ್ಕರೆ ಕಾಯಿಲೆ ಇದ್ದರೂ ಇದೇ ಮಾತು.

ಎಲ್ಲ ಮಕ್ಕಳಿಗೂ ಪರೀಕ್ಷೆ ಬೇಕೇ ಎಂಬ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. ಅಮೆರಿಕದ ತಜ್ಞರ ಸಮಿತಿಯೊಂದು 2011ರಲ್ಲಿ 9ರಿಂದ 11 ವರ್ಷದೊಳಗೆ ಎಲ್ಲರಿಗೂ ಒಮ್ಮೆ ಮಾಡಿ ಎಂದಿತು. ಅಲ್ಲಿನದೇ ಇನ್ನೊಂದು ಸಮಿತಿ 2023ರಲ್ಲಿ ಅದಕ್ಕೆ ಸಾಕಷ್ಟು ಪುರಾವೆ ಇಲ್ಲ ಎಂದಿತು. ನಮ್ಮ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣಾ ಪಟ್ಟಿಯಲ್ಲಿ ಕೊಲೆಸ್ಟ್ರಾಲ್ ಸೇರಿಲ್ಲ. ಹಾಗಾಗಿ ಮನೆತನದಲ್ಲಿ ಹೃದ್ರೋಗವಿದ್ದರೆ ಪೋಷಕರೇ ಬಾಯಿಬಿಟ್ಟು ಹೇಳಬೇಕು. ಹತ್ತನೇ ವರ್ಷಕ್ಕೆ ಟಿಡಿ ಲಸಿಕೆ ಹಾಕುತ್ತಾರಲ್ಲ, ಅದೇ ಒಳ್ಳೆಯ ಸಮಯ. ‘ನಿಮ್ಮ ಮನೆಯಲ್ಲಿ ಚಿಕ್ಕ ವಯಸ್ಸಿಗೆ ಯಾರಿಗಾದರೂ ಹಾರ್ಟ್ ಅಟ್ಯಾಕ್ ಆಗಿತ್ತಾ?’ ಎಂದು ಆರೋಗ್ಯ ಕೇಂದ್ರದ ಸಿಬ್ಬಂದಿ ಅಂದು ಪ್ರತಿ ಮಗುವಿನ ಪೋಷಕರನ್ನು ಕೇಳಿ ಬರೆದುಕೊಂಡರೆ, ಪರೀಕ್ಷೆ ಬೇಕಾದ ಅದೆಷ್ಟೋ ಮಕ್ಕಳು ಕೈತಪ್ಪಿ ಹೋಗುವುದಿಲ್ಲ.

ಖಾಲಿ ಹೊಟ್ಟೆ ಬೇಕಿಲ್ಲ

ಮೊದಲ ಪರೀಕ್ಷೆಗೆ ಮಗುವನ್ನು ಉಪವಾಸ ಇಡಬೇಕಿಲ್ಲ. ವರದಿಯಲ್ಲಿನ ಒಟ್ಟು ಕೊಲೆಸ್ಟ್ರಾಲಿನಿಂದ ಒಳ್ಳೆಯ ಕೊಲೆಸ್ಟ್ರಾಲ್, ಅಂದರೆ ಎಚ್‌ಡಿಎಲ್ ಕಳೆಯಿರಿ. ಒಟ್ಟು 210, ಎಚ್‌ಡಿಎಲ್ 45 ಇದ್ದರೆ ಉಳಿಯುವುದು 165. ಇದು 120ಕ್ಕಿಂತ ಕಡಿಮೆ ಇದ್ದರೆ ನಿಶ್ಚಿಂತೆ. 145 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮುಂದಿನ ಪರೀಕ್ಷೆ ಅಗತ್ಯ. ಒಂದೇ ವರದಿ ನೋಡಿ ಗಾಬರಿಯಾಗಬೇಡಿ. ಕನಿಷ್ಠ ಎರಡು ವಾರದ ಅಂತರದಲ್ಲಿ, ಮೂರು ತಿಂಗಳೊಳಗೆ, ಖಾಲಿ ಹೊಟ್ಟೆಯಲ್ಲಿ ಎರಡು ಸಲ ಪರೀಕ್ಷಿಸಿ ಸರಾಸರಿ ನೋಡುತ್ತಾರೆ. ಥೈರಾಯ್ಡ್ ಕೊರತೆ, ಮೂತ್ರಪಿಂಡದ ಕಾಯಿಲೆಗಳಿಂದಲೂ ಕೊಲೆಸ್ಟ್ರಾಲ್ ಏರಬಹುದು, ಅವನ್ನೂ ಪರಿಶೀಲಿಸುತ್ತಾರೆ.

ಹೆಚ್ಚಿದೆ ಎಂದು ಖಚಿತವಾದರೆ ಮೊದಲ ಮದ್ದು ಊಟ ಮತ್ತು ಆಟ. ಬೇಕರಿಯ ಪಫ್, ವನಸ್ಪತಿಯಲ್ಲಿ ಮಾಡಿದ ಸಿಹಿ, ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಕರಿದ ತಿಂಡಿ ಕಡಿಮೆಯಾಗಲಿ. ಸೊಪ್ಪು, ಕಾಳು, ಹಣ್ಣು ಹೆಚ್ಚಲಿ. ದಿನಕ್ಕೊಂದು ಗಂಟೆ ಮೈಬೆವರುವ ಆಟವಿರಲಿ. ಈ ಪಥ್ಯ ಮಗುವಿಗಷ್ಟೇ ಅಲ್ಲ, ಇಡೀ ಮನೆಗೆ. ಎರಡು ವರ್ಷದೊಳಗಿನ ಕೂಸಿನ ಹಾಲು, ತುಪ್ಪವನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ. ಬೆಳೆಯುವ ಮಿದುಳಿಗೆ ಕೊಬ್ಬು ಬೇಕು. ವಂಶದಿಂದ ಬಂದ ಕೊಲೆಸ್ಟ್ರಾಲಿಗೆ ಪಥ್ಯವೊಂದೇ ಸಾಲದು. ಅಂಥ ಮಕ್ಕಳಿಗೆ ಸಾಮಾನ್ಯವಾಗಿ 8ರಿಂದ 10 ವರ್ಷದ ನಂತರ ತಜ್ಞರು ಸ್ಟ್ಯಾಟಿನ್ ಮಾತ್ರೆ ಕೊಡುತ್ತಾರೆ. ಇದಕ್ಕೆ ಹೆದರಬೇಕಿಲ್ಲ, ಆದರೆ ನೀವಾಗಿಯೇ ಶುರುಮಾಡುವುದೂ ನಿಲ್ಲಿಸುವುದೂ ಬೇಡ.

ಇವತ್ತೇ ಅಜ್ಜ ಅಜ್ಜಿಯರನ್ನು ಕೇಳಿ, ಎರಡೂ ಕಡೆಯ ಬಂಧುಗಳಲ್ಲಿ ಯಾರಿಗೆ ಯಾವ ವಯಸ್ಸಿಗೆ ಹೃದಯಾಘಾತವಾಗಿತ್ತು ಎಂದು ಒಂದು ಚೀಟಿಯಲ್ಲಿ ಬರೆದು ಮಗುವಿನ ತಾಯಿ ಕಾರ್ಡಿನ ಜೊತೆ ಇಡಿ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಅದನ್ನು ವೈದ್ಯರ ಕೈಗೆ ಕೊಡಿ.